ಬುಝೂಕಿಯಲ್ಲಿ ಬಾಖ್ ನುಡಿಸಲು ಏನೇನು ಬದಲಿಸಬೇಕು?

ಪ್ರಶ್ನೆ: ಅಥೆನ್ಸ್‌ನಲ್ಲಿರುವ ಅಣ್ಣ ಬುಝೂಕಿ ಎಂಬ ನಾಲ್ಕು ಜೋಡಿ ತಂತಿಯ ಗ್ರೀಕ್ ವಾದ್ಯ ಕಳಿಸಿಕೊಟ್ಟಿದ್ದಾನೆ. ಬಹಳ ವರ್ಷಗಳಿಂದ ಕ್ಲಾಸಿಕಲ್ ಗಿಟಾರ್ ನುಡಿಸುತ್ತಿರುವುದರಿಂದ ಎಡಗೈಗೆ ಇದು ಹೊಸದೆನಿಸಲಿಲ್ಲ. ಆದರೆ ಬಾಖ್‌ನ ಮೊದಲ ಚೆಲ್ಲೋ ಸೂಟ್‌ನ ಆರಂಭದ ಭಾಗವಾದ ಪ್ರಿಲ್ಯೂಡ್ ನುಡಿಸಿದರೆ ಕಿವಿಗೆ ಗುರುತೇ ಸಿಗದಷ್ಟು ಕಲಸಿಹೋಗುತ್ತದೆ. ಶ್ರುತಿ ಸರಿಯಾಗಿಯೇ ಇದೆ, ಮೆಟ್ಟುಗಳೂ ಚೆನ್ನಾಗಿವೆ. ಜೋಡಿ ತಂತಿ ತೆಗೆದು ಒಂಟಿ ತಂತಿ ಹಾಕಲೇ? ನೈಲಾನ್ ಹಾಕಬಹುದೇ? ಈ ವಾದ್ಯಕ್ಕೆ ಯಾವ ಶಾಸ್ತ್ರೀಯ ಕೃತಿಗಳು ಒಗ್ಗುತ್ತವೆ?

ಉತ್ತರ: ಒಂಟಿ ತಂತಿಯೂ ಬೇಡ, ನೈಲಾನ್ ಅಂತೂ ಬೇಡವೇ ಬೇಡ. ನಿಮ್ಮ ವಾದ್ಯದಲ್ಲಿ ಬದಲಿಸಬೇಕಾದದ್ದು ಎಂಟರಲ್ಲಿ ಎರಡೇ ತಂತಿ. ಅದರ ಜೊತೆಗೆ ಹೊಸದೊಂದು ನಟ್ (ದಂಡಿಯ ತುದಿಯಲ್ಲಿ ತಂತಿಗಳು ಕೂರುವ ಗೀರುಪಟ್ಟಿ) ಮಾಡಿಸಿಕೊಳ್ಳಬೇಕು, ಕುದುರೆಯನ್ನು (ಬ್ರಿಡ್ಜ್) ಒಂದೆರಡು ಮಿಲಿಮೀಟರ್ ಸರಿಸಬೇಕು. ಉಳಿದದ್ದೆಲ್ಲ ಕೃತಿಯ ಆಯ್ಕೆ ಮತ್ತು ಬಲಗೈಯ ಕೆಲಸ.

ಮೊದಲು ಕಲಸಿಹೋಗುವುದೇಕೆ ಎಂದು ನೋಡೋಣ. ಸ್ವರಗಳ ಎತ್ತರ ಹೇಳಲು ಪಿಯಾನೋದ ನಡುವಿನ ಸಿಯನ್ನು ಸಿ4 ಎಂದುಕೊಳ್ಳಿ. ಗ್ರೀಕರು ತೆತ್ರಾಖೋರ್ಡೊ ಎನ್ನುವ ನಾಲ್ಕು ಜೋಡಿಯ ಬುಝೂಕಿಯ ಶ್ರುತಿ ಕೆಳಗಿನಿಂದ ಮೇಲಕ್ಕೆ ಸಿ3, ಎಫ್3, ಎ3, ಡಿ4. ಮೇಲಿನ ಎರಡು ಜೋಡಿಗಳಲ್ಲಿ, ಅಂದರೆ ಎ ಮತ್ತು ಡಿಯಲ್ಲಿ, ಎರಡೂ ತಂತಿಗಳು ಒಂದೇ ಸ್ವರಕ್ಕಿರುತ್ತವೆ. ಕೆಳಗಿನ ಎರಡು ಹಾಗಲ್ಲ. ಸಿ ಜೋಡಿಯಲ್ಲಿ ಸುತ್ತುತಂತಿ (ಮೇಲೆ ಲೋಹದ ಎಳೆ ಸುತ್ತಿದ ದಪ್ಪ ತಂತಿ) ಸಿ3ರಲ್ಲಿದ್ದರೆ ಪಕ್ಕದ ತೆಳುತಂತಿ ಸಿ4ರಲ್ಲಿರುತ್ತದೆ. ಎಫ್ ಜೋಡಿಯಲ್ಲೂ ಒಂದು ಎಫ್3, ಇನ್ನೊಂದು ಎಫ್4.

ಈಗ ಪ್ರಿಲ್ಯೂಡ್‌ನ ಮೊದಲ ಬಾರ್ (ತಾಳದ ಒಂದು ಸುತ್ತು) ನೋಡಿ. ಚೆಲ್ಲೋಗಿಂತ ಒಂದು ಸ್ಥಾಯಿ ಮೇಲೆ ನುಡಿಸಿದಾಗ ಅದು ಜಿ3, ಡಿ4, ಬಿ4. ನೀವು ಜಿಯನ್ನು ಸಿ ಜೋಡಿಯ 7ನೇ ಮೆಟ್ಟಿನಲ್ಲಿ, ಡಿಯನ್ನು ಎಫ್ ಜೋಡಿಯ 9ನೇ ಮೆಟ್ಟಿನಲ್ಲಿ, ಬಿಯನ್ನು ಡಿ ಜೋಡಿಯ 9ನೇ ಮೆಟ್ಟಿನಲ್ಲಿ ಹಿಡಿದಿದ್ದರೆ ನಿಜವಾಗಿ ಕೇಳಿಸುವುದು ಜಿ3 ಮತ್ತು ಜಿ4, ಡಿ4 ಮತ್ತು ಡಿ5, ಆಮೇಲೆ ಬಿ4. ಬಾಖ್ ಎಲ್ಲಕ್ಕಿಂತ ಮೇಲಿಟ್ಟ ಸ್ವರ ಬಿ. ನಿಮ್ಮ ವಾದ್ಯದಲ್ಲಿ ಎಲ್ಲಕ್ಕಿಂತ ಮೇಲೆ ಕೇಳುವುದು ಡಿ5, ಅದೂ ತೆಳುವಾದ ಉಕ್ಕಿನ ತಂತಿಯ ಮೊನಚು ದನಿಯಲ್ಲಿ. ಕಿವಿ ಸಹಜವಾಗಿ ಮೇಲಿನ ಸ್ವರವನ್ನೇ ಹಿಂಬಾಲಿಸುವುದರಿಂದ ನಡುವಿನ ದನಿ ರಾಗವಾಗಿಬಿಡುತ್ತದೆ, ರಾಗ ನಡುವೆ ಹೂತುಹೋಗುತ್ತದೆ. ಒಂದೇ ಸಾಲಿನೊಳಗೆ ಎರಡು ಮೂರು ದನಿಗಳನ್ನು ಹೆಣೆಯುವ ಸಂಗೀತದಲ್ಲಿ ಇದಕ್ಕಿಂತ ದೊಡ್ಡ ಹಾನಿ ಇಲ್ಲ.

ಇದು ವಾದ್ಯದ ದೋಷವಲ್ಲ. ಬುಝೂಕಿಯ ಸ್ವಂತ ಸಂಗೀತದಲ್ಲಿ ರಾಗ ಒಂದೇ ಸಾಲಿನಲ್ಲಿ ಹರಿಯುತ್ತದೆ. ಅದು ಕೆಳಗಿನ ಜೋಡಿಗೆ ಇಳಿದಾಗಲೂ ಹೊಳಪು ಕಳೆದುಕೊಳ್ಳಬಾರದೆಂದೇ ಆ ಮೇಲಿನ ಸ್ಥಾಯಿಯ ತಂತಿ ಇರುವುದು. ಗ್ರೀಸ್‌ನ ನಗರಗಳ ಜನಪದ ಹಾಡುಗಳಾದ ರೆಂಬೆಟಿಕೊದಲ್ಲಿ ಹಾಡಿಗೆ ಮುಂಚೆ ಬರುವ ತಾಳವಿಲ್ಲದ ತಕ್ಸೀಮಿಯನ್ನು ಆ ತಂತಿಗಳಿಲ್ಲದೆ ಕೇಳಿದರೆ ಅದು ಬಡವಾಗಿರುತ್ತದೆ. ಆದ್ದರಿಂದ ಮುಂದೆ ಹೇಳುವ ಪ್ರತಿ ಬದಲಾವಣೆಯನ್ನೂ ಮರಳಿ ತೆಗೆಯುವಂತೆ ಮಾಡಿ. ಮರಕ್ಕೆ ಉಳಿ ತಾಗಿಸಬೇಡಿ, ಹಳೆಯ ನಟ್ ಉಜ್ಜಬೇಡಿ, ಕುದುರೆಗೆ ಅಂಟು ಹಚ್ಚಬೇಡಿ.

ತಂತಿಗಳ ವಿಷಯಕ್ಕೆ ಬರೋಣ. ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗದಲ್ಲಿ ಹೇಳುವುದು ರೂಢಿ. 10 ಎಂದರೆ 0.010 ಇಂಚು, ಸುಮಾರು 0.25 ಮಿ.ಮೀ. ನಟ್‌ನಿಂದ ಕುದುರೆವರೆಗೆ 670 ಮಿ.ಮೀ. ಇರುವ ಸಾಮಾನ್ಯ ಬುಝೂಕಿಗೆ ಲೆಕ್ಕ ಹೀಗೆ: ಡಿ4ಕ್ಕೆ 10ರ ಸಾದಾ ಉಕ್ಕಿನ ತಂತಿ ಎರಡು, ಒಂದೊಂದರ ಎಳೆತ ಸುಮಾರು 6.2 ಕಿಲೋ. ಎ3ಕ್ಕೆ 13ರ ಸಾದಾ ತಂತಿ ಎರಡು, ತಲಾ 5.9 ಕಿಲೋ. ಇವೆರಡನ್ನು ಇದ್ದಂತೆಯೇ ಬಿಡಿ. ಎಫ್ ಜೋಡಿಯಲ್ಲಿ ಎಫ್4ಕ್ಕಿರುವ 9ರ ತೆಳುತಂತಿಯನ್ನು ತೆಗೆದು ಅದರ ಜಾಗಕ್ಕೆ ಎಫ್3ಕ್ಕೆ 20ರ ಸುತ್ತುತಂತಿ ಹಾಕಿ. ಸಿ ಜೋಡಿಯಲ್ಲಿ ಸಿ4ಕ್ಕಿರುವ 12ರ ತಂತಿ ತೆಗೆದು ಸಿ3ಕ್ಕೆ 26ರ ಸುತ್ತುತಂತಿ ಹಾಕಿ. ಜೋಡಿಯ ಎರಡೂ ತಂತಿಗಳು ಒಂದೇ ದಪ್ಪ, ಒಂದೇ ಬಗೆಯ ಸುತ್ತು ಇರಲಿ. ಈಗಿರುವ ಸುತ್ತುತಂತಿ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ಹೊಸದು ಮತ್ತು ಹಳೆಯದು ಜೊತೆಯಾದರೆ ಖಾಲಿ ತಂತಿಯಲ್ಲಿ ಶ್ರುತಿ ಸೇರಿದ್ದರೂ ಮೆಟ್ಟು ಒತ್ತಿದಾಗ ಒಡೆಯುತ್ತದೆ.

ಅಷ್ಟು ದಪ್ಪದ ತಂತಿ ಹಾಕಿದರೆ ದಂಡಿ ಬಾಗದೇ ಎಂಬ ಅಂಜಿಕೆ ಸಹಜ. ಆದರೆ ಸ್ವರವೂ ಒಂದು ಸ್ಥಾಯಿ ಇಳಿಯುವುದರಿಂದ ಎಳೆತ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. 9ರ ತಂತಿ ಎಫ್4ರಲ್ಲಿ ಸುಮಾರು 7.2 ಕಿಲೋ ಎಳೆಯುತ್ತಿತ್ತು, 20ರ ಸುತ್ತುತಂತಿ ಎಫ್3ರಲ್ಲಿ ಸುಮಾರು 7.5 ಎಳೆಯುತ್ತದೆ. ಸಿಯಲ್ಲಿ ಎರಡೂ 7.1ರ ಆಸುಪಾಸು. ಎಂಟೂ ತಂತಿ ಸೇರಿ ಮೊದಲೂ ಸುಮಾರು 53 ಕಿಲೋ, ಈಗಲೂ 53. ಸುತ್ತಿನ ಲೋಹ ಯಾವುದೆಂಬುದರ ಮೇಲೆ ಇದು ಸ್ವಲ್ಪ ಆಚೀಚೆ ಆಗಬಹುದು. ಕಂಚಿನ ಸುತ್ತು ನಿಕಲ್ ಸುತ್ತಿಗಿಂತ ತುಸು ಭಾರ. ನಿಮ್ಮ ವಾದ್ಯದ ತಂತಿ ಉದ್ದವನ್ನು ಅಳೆದು ನೋಡಿ. 680 ಇದ್ದರೆ ಎಳೆತ ಶೇ. 3ರಷ್ಟು ಹೆಚ್ಚುತ್ತದೆ, ಅದರಿಂದ ಅಪಾಯವಿಲ್ಲ.

ಎಡವುವುದು ನಟ್‌ನಲ್ಲಿ. ಹಳೆಯ ನಟ್‌ನಲ್ಲಿ ತೆಳುತಂತಿಗೆಂದು ಕೊರೆದ ಗೀರು 0.25–0.3 ಮಿ.ಮೀ. ಅಗಲದ್ದು. ಅದರಲ್ಲಿ 0.51 ಮಿ.ಮೀ.ನ ತಂತಿ ಕೂರುವುದಿಲ್ಲ; ಮೇಲೆಯೇ ನಿಂತು ಮೊದಲ ಮೂರು ಮೆಟ್ಟುಗಳಲ್ಲಿ ಸ್ವರ ಏರಿ ಕೇಳಿಸುತ್ತದೆ. ಬಲವಂತವಾಗಿ ಕೂರಿಸಿದರೆ ಬಿರಡೆ ತಿರುಗಿಸುವಾಗ ಕಚ್ಚಿಕೊಂಡು ಟಿಕ್ಕೆಂದು ಜಾರುತ್ತದೆ, ಶ್ರುತಿ ನಿಲ್ಲುವುದಿಲ್ಲ. ಗಿಟಾರ್ ರಿಪೇರಿ ಮಾಡುವವರಲ್ಲಿ ಮೂಳೆಯ ಹೊಸ ನಟ್ ಮಾಡಿಸಿ, ಹಳೆಯದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡಿ. ಅವರಿಗೆ ಮೂರು ಸಂಗತಿ ಬರೆದುಕೊಡಿ. ಗೀರಿನ ಅಗಲ ತಂತಿಯ ದಪ್ಪಕ್ಕಿಂತ 0.05 ಮಿ.ಮೀ. ಮಾತ್ರ ಹೆಚ್ಚಿರಬೇಕು. ಸುತ್ತುತಂತಿಯ ಅರ್ಧ ದಪ್ಪ ಗೀರಿನ ಮೇಲೆ ಕಾಣುತ್ತಿರಬೇಕು. ಸಿ ಮತ್ತು ಎಫ್ ಜೋಡಿಗಳಲ್ಲಿ ಎರಡು ತಂತಿಗಳ ನಡುವಿನ ಅಂತರ, ನಡುವಿನಿಂದ ನಡುವಿಗೆ ಅಳೆದರೆ, 2.5 ಮಿ.ಮೀ.ಗೆ ಕಡಿಮೆ ಇರಬಾರದು. ಮೂರನೆಯದನ್ನು ಮರೆತರೆ ಮುಂದೆ ಪರದಾಟ. ಒಂದು ದಪ್ಪ ತಂತಿಯ ಪಕ್ಕದಲ್ಲಿ ತೆಳುತಂತಿ ಇದ್ದಾಗ ಸಾಲುತ್ತಿದ್ದ ಜಾಗ ಎರಡು ದಪ್ಪ ತಂತಿಗಳಿಗೆ ಸಾಲದು; ಸ್ವಲ್ಪ ಜೋರಾಗಿ ಮೀಟಿದರೂ ಒಂದಕ್ಕೊಂದು ಬಡಿದು ಚರ್ರೆನ್ನುತ್ತವೆ. ಆ ಸದ್ದನ್ನು ಮೆಟ್ಟಿನ ದೋಷವೆಂದು ತಿಳಿದು ಮೆಟ್ಟು ಉಜ್ಜಿಸಲು ಹೋಗುವವರಿದ್ದಾರೆ. ಗುರುತು ಹಿಡಿಯುವುದು ಸುಲಭ: ಜೋಡಿಯ ಒಂದು ತಂತಿಯನ್ನು ಬೆರಳಿನಿಂದ ಬದಿಗೆ ಒತ್ತಿ ಹಿಡಿದು ಇನ್ನೊಂದನ್ನು ಮಾತ್ರ ಮೀಟಿ. ಚರ್ರೆನ್ನುವುದು ನಿಂತರೆ ತಪ್ಪು ಅಂತರದ್ದು, ಮುಂದುವರಿದರೆ ಮೆಟ್ಟಿನದ್ದು.

ಬುಝೂಕಿಯ ಕುದುರೆ ಗಿಟಾರಿನದ್ದರಂತೆ ಅಂಟಿಸಿದ್ದಲ್ಲ. ತಂತಿಗಳು ಬುರುಡೆಯ ತುದಿಯಲ್ಲಿರುವ ಟೇಲ್‌ಪೀಸ್‌ಗೆ ಕಟ್ಟಿರುತ್ತವೆ. ಕುದುರೆ ಅವುಗಳ ಒತ್ತಡದಿಂದ ಮಾತ್ರ ಮೇಲ್ಹಲಗೆಯ ಮೇಲೆ ನಿಂತಿರುತ್ತದೆ. ಎಲ್ಲ ತಂತಿಗಳನ್ನೂ ಒಟ್ಟಿಗೆ ಸಡಿಲಿಸಿದರೆ ಅದು ಬಿದ್ದುಹೋಗಿ ಜಾಗದ ಗುರುತೇ ತಪ್ಪುತ್ತದೆ. ಕೆಲಸ ಶುರುಮಾಡುವ ಮೊದಲು ಕುದುರೆಯ ಎರಡೂ ಪಾದಗಳ ಸುತ್ತ ಪಾಲಿಶ್ ಕೀಳದಂಥ ಕಾಗದದ ಅಂಟುಪಟ್ಟಿಯಿಂದ ಗುರುತು ಹಾಕಿ, ತಂತಿಗಳನ್ನು ಒಂದೊಂದಾಗಿ ಬದಲಿಸಿ. ಆಮೇಲೆ ಮೆಟ್ಟುಗಳಲ್ಲಿ ಶ್ರುತಿ ಸರಿಯಿದೆಯೇ ನೋಡಿ. 12ನೇ ಮೆಟ್ಟಿನ ಮೇಲೆ ಬೆರಳು ತಾಗಿಸಿ ತೆಗೆದ ಹಾರ್ಮೋನಿಕ್‌ಗೂ ಅಲ್ಲೇ ಒತ್ತಿ ನುಡಿಸಿದ ಸ್ವರಕ್ಕೂ ವ್ಯತ್ಯಾಸವಿರಬಾರದು. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಟೇಲ್‌ಪೀಸ್ ಕಡೆಗೆ, ಇಳಿದಿದ್ದರೆ ದಂಡಿಯ ಕಡೆಗೆ ಕೂದಲೆಳೆಯಷ್ಟು ಸರಿಸಿ. ಸರಿಸುವ ಮುನ್ನ ತಂತಿಗಳನ್ನು ಒಂದು ಸ್ವರದಷ್ಟಾದರೂ ಇಳಿಸಿಕೊಳ್ಳಿ. ಬಿಗಿಯಾಗಿರುವಾಗ ತಳ್ಳಿದರೆ ಪಾದ ಮೇಲ್ಹಲಗೆಯ ಪಾಲಿಶ್ ಗೀರುತ್ತದೆ. ಸಾಮಾನ್ಯವಾಗಿ 12ನೇ ಮೆಟ್ಟಿನಿಂದ ಕುದುರೆವರೆಗಿನ ಅಳತೆ ಡಿ ಕಡೆ 335ಕ್ಕಿಂತ (670ರ ಅರ್ಧ) ಒಂದು ಮಿ.ಮೀ., ಸಿ ಕಡೆ ಎರಡು ಮೂರು ಮಿ.ಮೀ. ಹೆಚ್ಚಿಗೆ ಬಂದು ನಿಲ್ಲುತ್ತದೆ, ಅಂದರೆ ಕುದುರೆ ತುಸು ಓರೆ. ಇಲ್ಲಿ ನಿಮಗೊಂದು ಲಾಭವೂ ಇದೆ: ಸ್ಥಾಯಿ ಜೋಡಿಯಲ್ಲಿ ದಪ್ಪ ತಂತಿಗೆ ಒಂದು ಉದ್ದ, ತೆಳುತಂತಿಗೆ ಬೇರೆ ಉದ್ದ ಬೇಕಿತ್ತು, ಒಂದೇ ಕುದುರೆ ಎರಡನ್ನೂ ತೃಪ್ತಿಪಡಿಸಲು ಆಗುತ್ತಿರಲಿಲ್ಲ. ಎರಡೂ ತಂತಿ ಒಂದೇ ಸ್ವರಕ್ಕಿರುವ ಸಮಸ್ವರದ ಜೋಡಿಯಲ್ಲಿ ಆ ರಾಜಿ ಬೇಕಿಲ್ಲ. 12ನೇ ಮೆಟ್ಟಿನ ಮೇಲಿನ ಕಾರ್ಡ್‌ಗಳು ಮೊದಲಿಗಿಂತ ಶುದ್ಧವಾಗಿ ಕೇಳುತ್ತವೆ.

ಕುದುರೆಯಿಂದ ಟೇಲ್‌ಪೀಸ್‌ವರೆಗಿನ ತಂತಿಯ ತುಂಡುಗಳೂ ಸುಮ್ಮನಿರುವುದಿಲ್ಲ, ನೀವು ನಿಲ್ಲಿಸಿದ ಮೇಲೂ ಕಿಣಿಕಿಣಿ ಎನ್ನುತ್ತಿರುತ್ತವೆ. ಹೋಟೆಲ್ಲಿನ ಗದ್ದಲದಲ್ಲಿ ಅದು ಯಾರಿಗೂ ಕೇಳದು. ಸೂಟ್‌ನ ನಿಧಾನ ಭಾಗವಾದ ಸರಬಾಂದ್‌ನ ಒಂದು ಮೌನದಲ್ಲಿ ಚೆನ್ನಾಗಿಯೇ ಕೇಳುತ್ತದೆ. ಒಂದು ಬೆರಳಗಲದ ಫೆಲ್ಟ್ ಪಟ್ಟಿಯನ್ನು ಆ ತಂತಿಗಳ ನಡುವೆ ಹೆಣೆದಂತೆ ಸಿಕ್ಕಿಸಿ, ಅಷ್ಟು ಸಾಕು.

ಒಂಟಿ ತಂತಿಯ ಪ್ರಶ್ನೆ. ದಕ್ಷಿಣ ಭಾರತದಲ್ಲಿ ಇದಕ್ಕೊಂದು ದೊಡ್ಡ ನಿದರ್ಶನ ಕಣ್ಣೆದುರೇ ಇದೆ: ಯು. ಶ್ರೀನಿವಾಸ್ ಅವರು ಮ್ಯಾಂಡೊಲಿನ್‌ನ ನಾಲ್ಕು ಜೋಡಿಗಳನ್ನು ಬಿಟ್ಟು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದರು. ಅಲ್ಲಿ ಕಾರಣ ಬಲವಾಗಿತ್ತು. ಜೋಡಿ ತಂತಿಯನ್ನು ಎಳೆದು ಗಮಕ ತೆಗೆಯಲು ಹೊರಟರೆ ಎರಡೂ ಸಮನಾಗಿ ಏರುವುದಿಲ್ಲ, ಶ್ರುತಿ ಒಡೆಯುತ್ತದೆ. ಬಾಖ್‌ಗೆ ತಂತಿ ಎಳೆಯುವ ಅಗತ್ಯವಿಲ್ಲ, ಹಾಗಾಗಿ ಆ ಕಾರಣ ನಿಮಗೆ ಅನ್ವಯಿಸುವುದಿಲ್ಲ. ಬದಲಿಗೆ ನಷ್ಟವೇ ಹೆಚ್ಚು. ಅರ್ಧ ತಂತಿ ತೆಗೆದರೆ ಎಳೆತ 27 ಕಿಲೋಗೆ ಕುಸಿಯುತ್ತದೆ. ತಂತಿಗಳ ಒತ್ತಡವನ್ನೇ ನಂಬಿ ನಿಂತ ಕುದುರೆ ಹಗುರಾಗಿ ಜಾರುತ್ತದೆ, ದನಿ ತೆಳುವಾಗುತ್ತದೆ. 53 ಕಿಲೋಗೆ ಒಗ್ಗಿದ ದಂಡಿ ಹಿಂದಕ್ಕೆ ವಾಲಿ ಮೊದಲ ಐದಾರು ಮೆಟ್ಟುಗಳಲ್ಲಿ ತಂತಿ ತಾಗತೊಡಗುತ್ತದೆ. ಹಳೆಯ ಮಾದರಿಯ ಎಷ್ಟೋ ಬುಝೂಕಿಗಳ ದಂಡಿಯಲ್ಲಿ ತಿರುಗಿಸಿ ಸರಿಪಡಿಸುವ ಉಕ್ಕಿನ ಸರಳೇ ಇರುವುದಿಲ್ಲ. ಹಾಗೂ ಒಂಟಿ ತಂತಿಯೇ ಬೇಕೆನಿಸಿದರೆ ದಪ್ಪ ಏರಿಸಬೇಕು: ಡಿಗೆ 12, ಎಗೆ 16, ಎಫ್‌ಗೆ 22ರ ಸುತ್ತು, ಸಿಗೆ 30ರ ಸುತ್ತು. ಒಂದೊಂದೂ ಸುಮಾರು 9 ಕಿಲೋ ಎಳೆದು ಒಟ್ಟು 37ರ ಹತ್ತಿರ ಬರುತ್ತದೆ. ಆಗಲೂ ಅದು ಬುಝೂಕಿಯಂತೆ ಕೇಳುವುದಿಲ್ಲ. ಎರಡು ತಂತಿಗಳ ನಡುವಿನ ಅತಿಸಣ್ಣ ವ್ಯತ್ಯಾಸದಿಂದ ಹುಟ್ಟುವ ಮಿನುಗೇ ಈ ವಾದ್ಯದ ಜೀವ, ಅದನ್ನು ಕಳೆದುಕೊಂಡು ಬಾಖ್ ನುಡಿಸುವುದಾದರೆ ನಿಮ್ಮಲ್ಲಿ ಗಿಟಾರ್ ಆಗಲೇ ಇದೆಯಲ್ಲ.

ನೈಲಾನ್‌ಗೂ ಇದೇ ಉತ್ತರ, ಇನ್ನೂ ಗಟ್ಟಿಯಾಗಿ. ಉಕ್ಕಿನ ತಂತಿಗೆಂದು ಕೆತ್ತಿದ ಚಿಕ್ಕ ಮೇಲ್ಹಲಗೆಯನ್ನು ನೈಲಾನ್ ತಂತಿ ಅಲುಗಿಸಲಾರದು.

ಇನ್ನು ಕೃತಿಗಳು. ಗಿಟಾರ್ ವಾದಕರಾಗಿ ನೀವು ಗಮನಿಸಿಯೇ ಇರುತ್ತೀರಿ: ಸಿ–ಎಫ್–ಎ–ಡಿ ಎಂದರೆ ಗಿಟಾರಿನ ಮೇಲಿನ ನಾಲ್ಕು ತಂತಿಗಳು (ಡಿ–ಜಿ–ಬಿ–ಇ) ಒಂದು ಸ್ವರ ಕೆಳಗೆ. 1950ರ ದಶಕದಲ್ಲಿ ಈ ನಾಲ್ಕನೆಯ ಜೋಡಿಯನ್ನೂ ಈ ಶ್ರುತಿಯನ್ನೂ ಜನಪ್ರಿಯಗೊಳಿಸಿದ ಬುಝೂಕಿ ವಾದಕ ಮನೋಲಿಸ್ ಹಿಯೋಟಿಸ್‌ಗೆ ಬೇಕಿದ್ದದ್ದೂ ಇದೇ, ಗಿಟಾರಿನ ಕಾರ್ಡ್‌ಗಳು ಮತ್ತು ವೇಗ. ಅದಕ್ಕಾಗಿ ಆತನನ್ನು ಹಳೆಯ ಕಾಲದ ವಾದಕರು ಟೀಕಿಸಿದ್ದೂ ಉಂಟು. ಮೂರು ಜೋಡಿಯ ತ್ರಿಖೋರ್ಡೊದ ಡಿ–ಎ–ಡಿ ಶ್ರುತಿಯಲ್ಲಿ ಖಾಲಿ ತಂತಿಗಳು ಕೊಡುತ್ತಿದ್ದ ಆಧಾರ ಸ್ವರ ಇದರಲ್ಲಿ ಇಲ್ಲವಾಯಿತು. ಆದರೆ ನಿಮ್ಮ ಕೆಲಸಕ್ಕೆ ಹಿಯೋಟಿಸ್‌ನ ದಾರಿಯೇ ಅನುಕೂಲ.

ಹಾಗೆಂದು ಗಿಟಾರಿನ ಕೃತಿಗಳನ್ನು ಎತ್ತಿಕೊಳ್ಳಬೇಡಿ. ಸೋರ್, ತಾರ್ರೆಗಾ ಬರೆದದ್ದೆಲ್ಲ ಕೆಳಗಿನ ಎರಡು ತಂತಿಗಳ ಮೇಲೆ ನಿಂತಿದೆ, ಆ ತಂತಿಗಳು ಇಲ್ಲಿಲ್ಲ. ಮ್ಯಾಂಡೊಲಿನ್ ಕೃತಿಗಳು ಹತ್ತಿರದವು ಅನಿಸುತ್ತವೆ, ಅವೂ ಮೋಸ ಮಾಡುತ್ತವೆ. ಬೇಥೋವನ್ 1796ರಲ್ಲಿ ಮ್ಯಾಂಡೊಲಿನ್ ಮತ್ತು ಪಿಯಾನೋಗೆ ಬರೆದ ನಾಲ್ಕು ಪುಟ್ಟ ಕೃತಿಗಳನ್ನೇ ನೋಡಿ. ಮ್ಯಾಂಡೊಲಿನ್ ವಾದಕ ಮೊದಲ ಸ್ಥಾನದಲ್ಲೇ, ಕಿರುಬೆರಳಿಟ್ಟು ಮುಟ್ಟುವ ಬಿ5 ನಿಮಗೆ ಡಿ ಜೋಡಿಯ 21ನೇ ಮೆಟ್ಟು. ಅಲ್ಲಿ ಒಂದು ಮೆಟ್ಟಿನಿಂದ ಇನ್ನೊಂದಕ್ಕೆ 12 ಮಿ.ಮೀ. ಮಾತ್ರ, ದನಿಯೂ ಚೋಟುದ್ದ. ಒಂದು ಸ್ಥಾಯಿ ಇಳಿಸಿದರೆ ಅದರ ಕೆಳಗಿನ ಜಿ3, ಜಿ2 ಆಗಿ ನಿಮ್ಮ ವಾದ್ಯದ ತಳಕ್ಕಿಂತ ಕೆಳಗೆ ಹೋಗುತ್ತದೆ. ಪಿಟೀಲಿನ ಒಂಟಿ ಸೊನಾಟಾಗಳಿಗೂ ಇದೇ ತೊಡಕು.

ಸರಿಯಾಗಿ ಹೊಂದುವುದು ಚೆಲ್ಲೋ. ಅದರ ಅತಿ ಕೆಳಗಿನ ತಂತಿ ಸಿ2. ಒಂದು ಸ್ಥಾಯಿ ಏರಿಸಿದರೆ ಸಿ3, ನಿಮ್ಮ ಖಾಲಿ ಸಿ. ಮೊದಲ ಪ್ರಿಲ್ಯೂಡ್‌ನ ತುತ್ತತುದಿಯ ಜಿ4, ಜಿ5 ಆಗಿ ಡಿ ಜೋಡಿಯ 17ನೇ ಮೆಟ್ಟಿಗೆ ಬರುತ್ತದೆ. ಅಂದರೆ ಸ್ವರ ತಿದ್ದದೆ, ಯಾವುದನ್ನೂ ಮಡಿಚದೆ ಇಡೀ ಪ್ರಿಲ್ಯೂಡ್ ಕೈಗೆ ಸಿಗುತ್ತದೆ.

ಮೊದಲ ನಾಲ್ಕು ಬಾರ್‌ಗಳಿಗೆ ಬೆರಳುಗಳು ಹೀಗಿರಲಿ. ತೋರುಬೆರಳು ಸಿ ಜೋಡಿಯ 7ನೇ ಮೆಟ್ಟಿನ ಜಿಯನ್ನು ಕೊನೆಯವರೆಗೆ ಬಿಡಬಾರದು. ಮೊದಲ ಬಾರ್‌ನಲ್ಲಿ ಎಫ್ ಜೋಡಿಯ 9 ಮತ್ತು ಡಿ ಜೋಡಿಯ 9. ಎರಡನೆಯದರಲ್ಲಿ ತೋರುಬೆರಳನ್ನೇ ಅಡ್ಡ ಮಲಗಿಸಿ ಎ ಜೋಡಿಯ 7, ಕಿರುಬೆರಳಲ್ಲಿ ಡಿ ಜೋಡಿಯ 10. ಮೂರನೆಯದರಲ್ಲಿ ಎ ಜೋಡಿಯ 9, ಡಿ ಜೋಡಿಯ 10. ನಾಲ್ಕನೆಯದರಲ್ಲಿ ಎ ಜೋಡಿಯ 10, ಡಿ ಜೋಡಿಯ 9. 7ರಿಂದ 10ರವರೆಗೆ ಚಾಚು 71 ಮಿ.ಮೀ., ಗಿಟಾರಿನ ಮೊದಲ ಸ್ಥಾನದ ಚಾಚಿಗಿಂತ ಕಡಿಮೆ. ಜಿಯನ್ನು ಎಫ್ ಜೋಡಿಯ 2ನೇ ಮೆಟ್ಟಿನಲ್ಲಿ ಹಿಡಿಯುವ ಆಸೆ ಬರುತ್ತದೆ, ಅಲ್ಲಿ ದನಿ ಹೆಚ್ಚು ತೆರೆದಿರುತ್ತದೆ. ಆದರೆ ಆಗ ಬಿ4 ಹಿಡಿಯಲು 2ರಿಂದ 9ಕ್ಕೆ ಚಾಚಬೇಕು, ಸುಮಾರು 198 ಮಿ.ಮೀ.; ಯಾವ ಕೈಗೂ ಅದು ಆಗದು. ಖಾಲಿ ಎಫ್ ಸಿಗಲೆಂದು ಇಡೀ ಕೃತಿಯನ್ನು ಎಫ್ ಮೇಜರ್‌ಗೆ ಇಳಿಸುವವರೂ ಇದ್ದಾರೆ. ಆಗ 3ನೇ ಮೆಟ್ಟಿನಿಂದ 7ನೆಯದಕ್ಕೆ 116 ಮಿ.ಮೀ. ಚಾಚಬೇಕಾಗುತ್ತದೆ. ಮೇಲಾಗಿ, ಚೆಲ್ಲೋದ ತಳದ ತಂತಿಯ ಕೊನೆಯ ಸ್ವರಗಳು ನಿಮ್ಮ ಸಿ3ಕ್ಕಿಂತ ಕೆಳಗಿಳಿದು ಕೈತಪ್ಪುತ್ತವೆ. ಜಿ ಮೇಜರ್‌ನಲ್ಲೇ ಇರಿ. ಇದು ಕೈಗೆ ಕೂತ ಮೇಲೆ ಸಿ ಮೇಜರ್‌ನ ಮೂರನೆಯ ಸೂಟ್ ಎತ್ತಿಕೊಳ್ಳಿ. ಅದರ ಮೊದಲ ಸಾಲು ಮೇಲಿನಿಂದ ಇಳಿದಿಳಿದು ಚೆಲ್ಲೋದ ಖಾಲಿ ಸಿಗೆ ಬಂದು ಕೂರುತ್ತದೆ, ನಿಮ್ಮಲ್ಲೂ ಅದು ಖಾಲಿ ಸಿಯೇ. ಹೊಸದಾಗಿ ಹಾಕಿದ ಸಮಸ್ವರದ ಸುತ್ತುತಂತಿಗಳು ಅಲ್ಲಿ ಕೊಡುವ ತುಂಬು ದನಿಗಾಗಿಯೇ ಇಷ್ಟೆಲ್ಲ ಕೆಲಸ ಮಾಡಬಹುದು. ಐದನೆಯ ಸೂಟ್ ಸದ್ಯಕ್ಕೆ ಬೇಡ, ಅದಕ್ಕೆ ಚೆಲ್ಲೋದಲ್ಲೇ ಬೇರೆ ಶ್ರುತಿ. ಆರನೆಯದು ಐದು ತಂತಿಯ ವಾದ್ಯಕ್ಕೆ ಬರೆದದ್ದು.

ಕಾರ್ಡ್‌ಗಳ ಗೊಡವೆ ಬೇಡವೆನಿಸಿದಾಗ ಬಾಖ್‌ನ ಎ ಮೈನರ್ ಕೊಳಲು ಪಾರ್ತಿತಾ ಇದೆ. ಪೂರ್ತಿ ಒಂಟಿ ಸಾಲು. ಆ ಕಾಲದ ಕೊಳಲಿನ ತಳ ಡಿ4, ಈ ಕೃತಿಯ ಮೊದಲ ಭಾಗ ಮುಗಿಯುವುದು ಎತ್ತರದ ಎ6ರಲ್ಲಿ. ಒಂದು ಸ್ಥಾಯಿ ಇಳಿಸಿದರೆ ಡಿ3ರಿಂದ ಎ5. ಮೇಲಿನ ಎ5 ನಿಮ್ಮ ಡಿ ಜೋಡಿಯ 19ನೇ ಮೆಟ್ಟು, ಇನ್ನೂ ಹಾಡುವ ಜಾಗ. ಡಿ3 ಎಂದರೆ ತ್ರಿಖೋರ್ಡೊದ ಕೆಳಗಿನ ಜೋಡಿಯೇ ಆದ್ದರಿಂದ ಮೂರು ಜೋಡಿಯವರೂ ಇದನ್ನು ನುಡಿಸಬಹುದು, ಆ ಕೆಳಗಿನ ಜೋಡಿಯ ಸ್ಥಾಯಿ ತಂತಿಯನ್ನು ಬದಲಿಸಿಕೊಂಡರೆ ಸಾಕು. ಕೊಳಲಿನವರು ಉಸಿರು ತೆಗೆದುಕೊಳ್ಳುವ ಕಡೆಗಳನ್ನು ನಿಮ್ಮ ಹಾಳೆಯಲ್ಲೂ ಗುರುತು ಮಾಡಿಕೊಳ್ಳಿ. ಬುಝೂಕಿಗೆ ಉಸಿರು ಬೇಕಿಲ್ಲದ ಕಾರಣ ವೇಗದ ಹದಿನಾರರ (ಸಿಕ್ಸ್‌ಟೀಂತ್) ಸ್ವರಗಳು ತಡೆಯಿಲ್ಲದೆ ಉರುಳಿ ಕೇಳುವವರಿಗೆ ಉಸಿರುಗಟ್ಟುತ್ತದೆ. ವಾದ್ಯಗೋಷ್ಠಿಯ ಜೊತೆ ನುಡಿಸುವ ಅವಕಾಶ ಸಿಕ್ಕರೆ ವಿವಾಲ್ದಿಯ ಡಿ ಮೇಜರ್ ಲ್ಯೂಟ್ ಕನ್ಚೆರ್ಟೊವನ್ನು ಗಿಟಾರ್ ವಾದಕರು ನುಡಿಸುವ ಎತ್ತರದಲ್ಲೇ ಪ್ರಯತ್ನಿಸಿ. ಅದರ ಮುಖ್ಯ ಸ್ವರಗಳಾದ ಡಿ, ಎ ಎರಡೂ ನಿಮಗೆ ಖಾಲಿ ಜೋಡಿಗಳು.

ಬಲಗೈಯದ್ದು ನಿಮಗೆ ಹೊಸ ಪಾಠ. ಉಗುರಿನಿಂದ ಉಕ್ಕಿನ ಜೋಡಿ ತಂತಿ ಮೀಟಿದರೆ ವಾರದಲ್ಲಿ ಉಗುರು ಸವೆಯುತ್ತದೆ, ಎರಡರಲ್ಲಿ ಒಂದೇ ತಂತಿ ನುಡಿಯುತ್ತದೆ. ಪಿಕ್ ಹಿಡಿಯಲೇಬೇಕು. ಬುಝೂಕಿಯವರ ರೂಢಿಯ ತೆಳು ಪಿಕ್ ಟಕ್ಕೆನ್ನುತ್ತದೆ, 1.2ರಿಂದ 1.5 ಮಿ.ಮೀ. ದಪ್ಪದ, ಉರುಟು ತುದಿಯದನ್ನು ಆರಿಸಿ. ಕುದುರೆಯ ಹತ್ತಿರ ಬಿಟ್ಟು ದಂಡಿ ಮುಗಿಯುವ ಕಡೆಗೆ ಕೈ ತನ್ನಿ, ದನಿ ದುಂಡಗಾಗುತ್ತದೆ. ಮೇಲ್ಮುಖ ಹೊಡೆತದಲ್ಲಿ ಜೋಡಿಯ ಒಂದೇ ತಂತಿ ತಾಗುವುದು ಸಾಮಾನ್ಯ ತಪ್ಪು; ಬಾಖ್‌ನ ಸಮಸಮ ಸ್ವರಗಳಲ್ಲಿ ಅದರಿಂದ ಒಂದು ಬಿಟ್ಟು ಒಂದು ಸ್ವರ ಸೊರಗುತ್ತದೆ. ಪಿಕ್ಕನ್ನು ತಂತಿಗೆ ಓರೆಯಾಗಿ ಹಿಡಿಯುವುದೇ ಕಾರಣ. ಅದರ ಚಪ್ಪಟೆ ಮುಖ ತಂತಿಗಳಿಗೆ ಸಮಾನಾಂತರವಾಗಿರುವಂತೆ ಹಿಡಿದು, ಖಾಲಿ ಸಿ ಜೋಡಿಯಲ್ಲಿ ಮೆಟ್ರೋನೋಮ್ 60ಕ್ಕೆ ಕೆಳಗೆ–ಮೇಲೆ ಹೊಡೆಯುತ್ತ ಎರಡೂ ಕಡೆ ಒಂದೇ ದನಿ ಬರುವವರೆಗೆ ಮುಂದೆ ಹೋಗಬೇಡಿ. ಪ್ರಿಲ್ಯೂಡ್‌ನಲ್ಲಿ ಪಿಕ್ ಸಿ ಜೋಡಿಯಿಂದ ಎಫ್‌ಗೆ, ಅಲ್ಲಿಂದ ಎಯನ್ನು ದಾಟಿ ಡಿಗೆ ಹಾರಬೇಕು. ಹಾರುವ ದಾರಿಯಲ್ಲಿ ಎ ತಾಗದಿರಲು ಎಡಗೈಯ ಬೆರಳಿನ ಬದಿ ಅದನ್ನು ಮೆಲ್ಲಗೆ ಮುಚ್ಚಿರಲಿ.

ಟ್ರೆಮೊಲೊವನ್ನು (ಒಂದೇ ಸ್ವರವನ್ನು ಬೇಗಬೇಗ ಮೀಟುವುದು) ಬಾಖ್‌ನಲ್ಲಿ ಬಳಸಬೇಡಿ. ಸ್ವರ ಬೇಗ ಆರುತ್ತದೆಂಬ ಭಯಕ್ಕೆ ಬುಝೂಕಿ ವಾದಕರು ಉದ್ದ ಸ್ವರಗಳನ್ನೆಲ್ಲ ನಡುಗಿಸುತ್ತಾರೆ, ಅದು ಅವರ ಸಂಗೀತದ ಸೊಗಸು. ಇಲ್ಲಿ ಅದು ಕೆಳಗಿನ ದನಿಗಳನ್ನು ನುಂಗುತ್ತದೆ. ನಿಮ್ಮ ನಿಜವಾದ ಸಮಸ್ಯೆ ಇದಕ್ಕೆ ತಿರುಗುಮುರುಗು: ಉಕ್ಕಿನ ತಂತಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮೊಳಗುತ್ತದೆ. ಬಾಸ್ ಸ್ವರ ಬದಲಾದೊಡನೆ ಹಿಂದಿನದರ ಮೇಲಿನ ಬೆರಳನ್ನು ಸಡಿಲಿಸಿ ಮೌನಗೊಳಿಸುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿ.

ಬೇರೆ ವಾದ್ಯಗಳ ಜೊತೆ ಕೂರುವಾಗ ಎರಡು ಮಾತು ನೆನಪಿರಲಿ. ಹಾಳೆಯ ಮೇಲೆ ಸ್ವರ ಬರೆದಂತೆಯೇ ಕೇಳುತ್ತದೋ ಗಿಟಾರಿನಂತೆ ಒಂದು ಸ್ಥಾಯಿ ಕೆಳಗೆ ಕೇಳುತ್ತದೋ ಎಂದು ಮೊದಲೇ ಬರೆದಿಡಿ, ಟ್ರೆಬಲ್ ಕ್ಲೆಫ್‌ನ ಕೆಳಗೆ ಪುಟ್ಟ 8 ಹಾಕುವುದು ಸ್ಪಷ್ಟ. ಎರಡನೆಯದು, ಬುಝೂಕಿಯ ದನಿ ಪಿಟೀಲಿನ ನಡುಸ್ಥಾಯಿಯಲ್ಲೇ ಬರುವುದರಿಂದ ಬಿಲ್ಲಿನ ವಾದ್ಯಗಳು ಅದೇ ಜಾಗದಲ್ಲಿ ಎಳೆದರೆ ಮುಳುಗಿಹೋಗುತ್ತದೆ; ಅವುಗಳನ್ನು ಪಿಟ್ಸಿಕಾಟೊಗೆ (ಬೆರಳಿನಿಂದ ಮೀಟುವುದು) ತಿರುಗಿಸಬೇಕು, ಇಲ್ಲವೇ ಒಂದು ಸ್ಥಾಯಿ ದೂರ ಕೂರಿಸಬೇಕು. ಗ್ರೀಸ್‌ನ ಶಾಸ್ತ್ರೀಯ ಸಂಯೋಜಕರು ಈ ವಾದ್ಯದ ಲೋಕವನ್ನು ಎರಡು ದಾರಿಯಲ್ಲಿ ಸಮೀಪಿಸಿದರು. 1940ರ ದಶಕದಲ್ಲಿ ನಿಕೋಸ್ ಸ್ಕಲ್ಕೊತ್ತಾಸ್ ಎರಡು ಪಿಟೀಲುಗಳ ಕನ್ಚೆರ್ಟೊದಲ್ಲಿ ಬುಝೂಕಿ ವಾದಕ ವಸ್ಸಿಲಿಸ್ ತ್ಸಿತ್ಸಾನಿಸ್‌ನ ಒಂದು ಹಾಡಿನ ರಾಗವನ್ನು ತೆಗೆದುಕೊಂಡ, ವಾದ್ಯವನ್ನಲ್ಲ. ಮಿಕಿಸ್ ಥಿಯೊಡೊರಾಕಿಸ್ 1964ರಲ್ಲಿ ಮೊದಲು ಪ್ರದರ್ಶನಗೊಂಡ ‘ಆಕ್ಸಿಯೊನ್ ಎಸ್ತಿ’ಯಲ್ಲಿ ಬುಝೂಕಿ ಸೇರಿದ ಜನಪದ ವಾದ್ಯಮೇಳವನ್ನು ಸಿಂಫನಿ ವಾದ್ಯವೃಂದದ ಜೊತೆಯಲ್ಲೇ ಕೂರಿಸಿದ. ವೃಂದದೊಳಗೆ ಕರಗಿಸದೆ ಪ್ರತ್ಯೇಕ ಗುಂಪಾಗಿ ಇಟ್ಟದ್ದರಿಂದಲೇ ಅಲ್ಲಿ ಬುಝೂಕಿ ಕೇಳುತ್ತದೆ. ಪಿಕಪ್ ಇದ್ದರೂ ಶಾಸ್ತ್ರೀಯ ಕಛೇರಿಯಲ್ಲಿ ಅದನ್ನು ಬಳಸದೆ 30–40 ಸೆಂ.ಮೀ. ದೂರದಲ್ಲಿ ಒಂದು ಕಂಡೆನ್ಸರ್ ಮೈಕ್ ಇಡುವುದು ಲೇಸು.

ಹೊಸ ತಂತಿ ಹಾಕಿದ ಮೂರು ವಾರದ ನಂತರ ದಂಡಿಯನ್ನೊಮ್ಮೆ ಪರೀಕ್ಷಿಸಿ. ಸಿ ಜೋಡಿಯ ಒಂದು ತಂತಿಯನ್ನು 1ನೇ ಮೆಟ್ಟಿನಲ್ಲೂ ದಂಡಿ ಬುರುಡೆಗೆ ಸೇರುವ ಮೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು, 7ನೆಯ ಮೆಟ್ಟಿಗೂ ತಂತಿಗೂ ನಡುವೆ ಎಷ್ಟು ಸಂದು ಇದೆಯೆಂದು ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ತಗಡುಗಳು) ಅಳೆಯಿರಿ. 0.2–0.3 ಮಿ.ಮೀ. ಇದ್ದರೆ ಸರಿ. 0.5 ದಾಟಿದ್ದರೆ ಸಿಯ 26ನ್ನು 24ಕ್ಕೆ, ಎಫ್‌ನ 20ನ್ನು 19ಕ್ಕೆ ಇಳಿಸಿ, ಇನ್ನೆರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಸಂದು ಸರಿಯಿದ್ದೂ 12ನೇ ಮೆಟ್ಟಿನಲ್ಲಿ ತಂತಿಯ ಎತ್ತರ ಸಿ ಕಡೆ 2.5, ಡಿ ಕಡೆ 2 ಮಿ.ಮೀ.ಗಿಂತ ಬಹಳ ಹೆಚ್ಚಿದ್ದರೆ, ಮಳೆಗಾಲವಾಗಿದ್ದರೆ ತಡೆಯಿರಿ. ತೇವಕ್ಕೆ ಮೇಲ್ಹಲಗೆ ಉಬ್ಬಿ ಕುದುರೆಯನ್ನು ಎತ್ತಿರುತ್ತದೆ, ಒಣಹವೆ ಬಂದಾಗ ತಾನೇ ಇಳಿಯುತ್ತದೆ. ಆಗಲೂ ಇಳಿಯದಿದ್ದರೆ ಮಾತ್ರ ಕುದುರೆಯನ್ನು ಪಾದದ ಕಡೆಯಿಂದ ಉಜ್ಜಿಸಿ, ಅದೂ ಮೂಲ ಕುದುರೆಯನ್ನಲ್ಲ, ಅದರ ಅಳತೆಗೆ ಮಾಡಿಸಿದ ಇನ್ನೊಂದನ್ನು.